ಅತ್ತೆ ಕುಡಿದ ಬೆಲ್ಲದ ನೀರು

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಹೊದಿಕೆಯಿಂದ ಹೊರಗೆ ಚಾಚಿದ್ದ ಪಾದಗಳನ್ನೇ ದಿಟ್ಟಿಸಿ ಹೆಬ್ಬೆರಳು ಆಡಿಸಿ ನೋಡುತ್ತಿದ್ದಳು. ಆಡಿದರೆ, "ಬ್ಲೌಸಿನವರಿಗೆ ಬರಾಕೆ ಹೇಳ್ರಿ, ಇವತ್ತು ಕಾಲು ನನ್ನ ಮಾತು ಕೇಳ್ತವೆ" ಎಂದು ನಗುವಳು. ಆಡದ ದಿನ ಹೊಲಿಗೆ ಮಷೀನಿಗೆ ರಜೆ. ಕತ್ತಿನ ಕೆಳಗಿನದೆಲ್ಲ ಹಸಿಮಣ್ಣಿನಂತೆ ಬಿದ್ದಿರುತ್ತಿತ್ತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ತಾತನಿಗೂ ಹೀಗೇ ಆಗುತ್ತಿತ್ತಂತೆ. ಸಂಜೆಯ ಹೊತ್ತಿಗೆ ತಾನಾಗಿ ಬಿಟ್ಟುಹೋಗುತ್ತಿತ್ತು. ಸುಸ್ತಾದವರಿಗೆ ಬೆಲ್ಲದ ನೀರು, ಅಜ್ಜಿಗೆ ಗೊತ್ತಿದ್ದ ಮದ್ದು ಅದೊಂದೇ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸುವಳು. ಮಗಳು ಎದ್ದು ಕೂತಾಗ, "ನೋಡ್ರಿ, ಬೆಲ್ಲ ಎಬ್ಬಿಸ್ತು" ಎಂದು ಭರಮಸಾಗರದ ನಮ್ಮ ಕೇರಿಗೆಲ್ಲ ಹೇಳಿಕೊಂಡು ಬರುವಳು.

ಕಾಲೇಜಿನ ದಿನಗಳಲ್ಲಿ ನನಗೂ ಹಾಗಾಯಿತು. ದಾವಣಗೆರೆಯ ಡಾಕ್ಟರು, ಇದು ವಂಶದಲ್ಲಿ ಬರುವ ಸ್ನಾಯುವಿನ ಕಾಯಿಲೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಾಗ ಕೈಕಾಲು ಬಿದ್ದುಹೋಗುತ್ತವೆ ಎಂದರು. ಸಿಹಿ ತಿಂದರೆ ಅದು ಇನ್ನಷ್ಟು ಇಳಿಯುತ್ತದಂತೆ. ಔಷಧಿಯ ಬಾಟಲಿ ಹಿಡಿದು ಬಂದು ಅತ್ತೆಗೆ ಹೇಳಿದೆ. ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ಹಾಗೇ ಸೂಜಿಯ ಕೆಳಗೆ ಬಿಟ್ಟು ಅಜ್ಜಿಯಿದ್ದ ಅಡುಗೆಮನೆಯ ಕಡೆ ನೋಡಿದಳು.

"ಅವ್ವನ ಮುಂದೆ ಬಾಯಿ ಬಿಟ್ಟೀಯ, ಜೋಕೆ" ಎಂದಳು. "ಬೆಲ್ಲ ಕುಡಿಸಿ ಕುಡಿಸಿ ನನ್ನ ಮಲಗಿಸಿದ್ದು ತಾನೇ ಅಂತ ಗೊತ್ತಾದ್ರೆ ಆಯಮ್ಮ ಉಳೀತಾಳಾ?"

"ಮತ್ತೆ ನಿನ್ನ ಗತಿ?"

"ನಾನು ಹೆಂಗೋ ಮಾಡ್ಕಂತೀನಿ ಬಿಡೇ."

ಹೇಗೋ ಮಾಡಿಕೊಂಡಳು. ನನ್ನ ಔಷಧಿಯನ್ನೇ ಅಜ್ಜಿಗೆ ಕಾಣದಂತೆ ಕುಡಿಯುವಳು. ಕೈ ಬಿದ್ದ ದಿನ ಅಜ್ಜಿ ಚಮಚ ತಂದರೆ, "ವಾಕರಿಕೆ ಬರ್ತೈತವ್ವ" ಎಂದು ಸುಳ್ಳು ಹೇಳಿ ಮುಖ ತಿರುಗಿಸುವಳು. ಅಜ್ಜಿಯ ಮುಖ ಬಾಡಿತೋ, ತಡೆಯಲಾರದೆ ಎರಡು ಗುಟುಕು ನುಂಗುವಳು. ಅಜ್ಜಿ ಆ ಕಡೆ ಹೋದ ಕೂಡಲೇ ನಾನು ಔಷಧಿಯ ಬಾಟಲಿ ತರುತ್ತಿದ್ದೆ.

ಹೋದ ದೀಪಾವಳಿಗೆ ರಾಶಿ ಬ್ಲೌಸು ಹೊಲಿದು ದಣಿದು ಮಲಗಿದವಳಿಗೆ ಬೆಳಿಗ್ಗೆ ಕತ್ತೂ ಎತ್ತಲಾಗಲಿಲ್ಲ. ನಾನು ಕೆಲಸದ ಮೇಲೆ ಚಿತ್ರದುರ್ಗದಲ್ಲಿದ್ದೆ. ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ. ಚೊಂಬು ಖಾಲಿಯಾಗುವವರೆಗೆ ಕುಡಿಸಿದ್ದಾಳೆ. ಅಂದು ಅತ್ತೆ ಬೇಡ ಎನ್ನಲಿಲ್ಲವೋ, ಎನ್ನಲಾಗಲಿಲ್ಲವೋ, ಈಗಲೂ ನನ್ನ ನಿದ್ದೆ ಕೆಡಿಸುವುದು ಅದೇ. ನಾನು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಅಜ್ಜಿ ಬಂದು ನನ್ನ ಕೈ ಹಿಡಿದುಕೊಂಡಳು.

"ಬೆಲ್ಲ ಕಮ್ಮಿ ಹಾಕಿದ್ನೇನೋ ಕಣೇ. ಇನ್ನೊಂದು ಅಚ್ಚು ಹಾಕಿದ್ರೆ ಎದ್ದೇಳ್ತಿದ್ಲೇನೋ."

"ಇಲ್ಲಜ್ಜಿ" ಎಂದೆ. "ಸರಿಯಾಗೇ ಇತ್ತು."