ಸ್ಪೀಕರ್ ಆರಿಸಿದ ಕಿವಿ

ಮೊನ್ನೆ ಮನೆಗೆ ಬಣ್ಣ ಬಳಿಯುವವರು ಬಂದಿದ್ದರು. ಹಾಲ್‌ನಲ್ಲಿ ಹಾಸಿದ್ದ ದಪ್ಪ ಜಮಖಾನೆಯನ್ನು ಸುತ್ತಿ ಪಕ್ಕಕ್ಕಿಟ್ಟಾಗ ಕೆಳಗಿನ ಬಿಳಿ ಕಲ್ಲಿನ ಮೇಲೆ ಸಣ್ಣ ಸಣ್ಣ ಕುಳಿಗಳು ಕಂಡವು. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಒಂದೊಂದೂ ಗುಂಡುಸೂಜಿಯ ತಲೆಯಷ್ಟು. ಬಣ್ಣದ ಮೇಸ್ತ್ರಿ ಬಗ್ಗಿ ಬೆರಳಾಡಿಸಿ, "ಏನ್ರೀ ಯಜಮಾನ್ರ, ಇಂಥಾ ಚಲೋ ಕಲ್ಲಿಗೆ ಮೊಳೆ ಹೊಡದೋರು ಯಾರ್ರೀ?" ಎಂದು ಕೇಳಿದ.

"ಮೊಳೆ ಅಲ್ಲಪ, ಅವು ಸ್ಪೀಕರಿನ ಕಾಲು" ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿ ಡಬ್ಬಿಯ ಮುಚ್ಚಳ ತೆಗೆಯಲು ಹೋದ. ಅವನದೇನೂ ತಪ್ಪಿಲ್ಲ. ಸ್ಪೀಕರಿಗೆ ಕಾಲಿರುತ್ತವೆ, ಆ ಕಾಲಿಗೆ ಉಗುರಿನಂಥ ಚೂಪು ಕಬ್ಬಿಣ ಇರುತ್ತದೆ ಎಂದು ಲಾರಿ ಓಡಿಸುವ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಾನೂ ಹಾಗೇ ನೋಡುತ್ತಿದ್ದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಡಿಸಿದರು ಎಂದು ಯಾರ ಮೇಲೂ ಹೇಳುವುದಿಲ್ಲ, ನಾನೇ ಬಿಟ್ಟೆ. ಕಂಪ್ಲಿ ಕಡೆಯಿಂದ ಭತ್ತ ಹೊರುವ ಲಾರಿಗೆ ಕ್ಲೀನರ್ ಆದೆ, ಆಮೇಲೆ ಡ್ರೈವರ್ ಆದೆ. ಕೊನೆಗೆ ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ತಗಡಿನ ಶೆಡ್ ಹಾಕಿ ಗ್ಯಾರೇಜ್ ಇಟ್ಟೆ. ನನಗೆ ಓದು ಕೊಡದ್ದನ್ನು ಕಿವಿ ಕೊಟ್ಟಿತು. ಲಾರಿಯ ಹಿಂದೆ ಜೋಡಿ ಗಾಲಿ ಇರುತ್ತವಲ್ಲ, ಅದರಲ್ಲಿ ಒಳಗಿನ ಗಾಲಿಗೆ ಗಾಳಿ ಕಡಿಮೆಯಾದರೆ ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣದ ಸಲಾಕೆಯಿಂದ ಹೊಡೆದು ಕೇಳಬೇಕು. ಗಾಳಿ ತುಂಬಿದ ಗಾಲಿ ಸಲಾಕೆಯನ್ನು ವಾಪಸ್ ಒಗೆದು 'ಠಣ್' ಎನ್ನುತ್ತದೆ, ಇಳಿದದ್ದು 'ದಬ್' ಎಂದು ಸುಮ್ಮನಾಗುತ್ತದೆ. ಇವೆರಡರ ನಡುವೆ ಇನ್ನೂ ಹತ್ತು ಸದ್ದುಗಳಿವೆ, ಅವು ನನಗೆ ಗೊತ್ತಿದ್ದವು. ಎಂಜಿನ್ನು ಗೇಟಿನೊಳಗೆ ಬರುವ ಮುಂಚೆಯೇ ಅದರ ರೋಗ ಹೇಳುತ್ತಿದ್ದೆ. "ಅವನ ಕಿವಿ ಡಾಕ್ಟರ್ ಕಿವಿ" ಎಂದು ಡ್ರೈವರುಗಳು ಅಂದರೆ, ಕೇಳಿಸದವನಂತೆ ಇನ್ನೊಂದು ಬೋಲ್ಟ್ ಬಿಗಿಮಾಡುತ್ತಿದ್ದೆ. ಕೇಳಿಸುತ್ತಿತ್ತು, ಅದೂ ಚೆನ್ನಾಗಿ!

ಆಮೇಲೆ ಅದಿರಿನ ಕಾಲ ಬಂತು. ಗಾದಿಗನೂರಿನ ಆಚೆಯಿಂದ ಹಿಡಿದು ಊರ ಬಾಯಿಯವರೆಗೂ ಲಾರಿಗಳ ಸಾಲು. ಮರ, ಮನೆ, ಎಮ್ಮೆ ಎಲ್ಲಾ ಒಂದೇ ಬಣ್ಣ, ಕೆಂಪು. ಗ್ಯಾರೇಜಿಗೆ ಬಾಗಿಲು ಹಾಕುವ ಪುರುಸೊತ್ತಿರಲಿಲ್ಲ. ನಾನೂ ಲಾರಿ ಕೊಂಡೆ, ಮನೆ ಕಟ್ಟಿಸಿದೆ. ಯಾವುದಕ್ಕೆ ಎಷ್ಟಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಕೇಳದವರಿಗೂ ಬೆಲೆ ಹೇಳುವುದೇ ಆ ಕಾಲದಲ್ಲಿ ನಮ್ಮೆಲ್ಲರ ರೋಗವಾಗಿತ್ತು, ಅದರಿಂದ ಈಗಷ್ಟೇ ಗುಣವಾಗಿದ್ದೇನೆ.

ಉಳಿದವರು ಗೋಡೆಯಗಲದ ಟೀವಿ ತಂದರು. ನನಗೆ ಸ್ಪೀಕರೇ ಬೇಕಾಗಿತ್ತು. ಅದಕ್ಕೊಂದು ಹಳೆಯ ಕಾರಣವಿದೆ. ಗ್ಯಾರೇಜ್ ಇಟ್ಟ ಹೊಸತರಲ್ಲಿ ಜೀಪೊಂದನ್ನು ರಿಪೇರಿ ಮಾಡಲು ದೋಣಿಮಲೈಗೆ ಹೋಗಿದ್ದೆ. ಅಲ್ಲಿನ ಗಣಿ ಕಂಪನಿಯ ಕ್ವಾರ್ಟರ್ಸಿನ ಒಂದು ಮನೆಯೊಳಗಿಂದ ಯಾರೋ ಹೆಂಗಸು ಹಾಡುವುದು ಕೇಳಿಸಿತು. ಎಷ್ಟು ಹತ್ತಿರ ಎಂದರೆ, ಆಕೆ ಸಾಲುಗಳ ನಡುವೆ ಉಸಿರು ಎಳೆದುಕೊಳ್ಳುವುದೂ ತಿಳಿಯುತ್ತಿತ್ತು. ಪರರ ಮನೆಯ ಹೆಂಗಸಿನ ಹಾಡಿಗೆ ಕಿವಿ ಕೊಡಬಾರದೆಂದು ನಾನು ತಿರುಗಿ ನಿಂತೆ. ಜೀಪಿನ ಒಡೆಯರಾದ ಎಂಜಿನಿಯರು ಹೊರಗೆ ಬಂದು ನಕ್ಕರು. "ಮನ್ಯಾಗ ಯಾರೂ ಇಲ್ಲೋ, ಅದು ಸ್ಪೀಕರ್. ಒಳಗ ಬಾ, ಕುಂತು ಕೇಳು" ಎಂದರು. ನಾನು ನನ್ನ ಕಾಲು ನೋಡಿಕೊಂಡೆ. ಆಯಿಲ್ಲು, ಗ್ರೀಸು. "ಇಲ್ರಿ ಸರ್, ಕೆಲಸೈತಿ" ಎಂದೆ. ಕೆಲಸ ಮುಗಿದಿತ್ತು. ಜೀಪಿನ ಕೆಳಗೆ ಮಲಗಿ, ಆ ಹಾಡು ಮುಗಿಯುವವರೆಗೆ ಬಿಗಿಯಾಗಿದ್ದ ನಟ್ಟನ್ನೇ ಬಿಚ್ಚಿ ಬಿಗಿದೆ.

ಹಾಗಾಗಿ ಮನೆ ಕಟ್ಟಿದಾಗ ಹುಬ್ಬಳ್ಳಿಯ ದೇಸಾಯರಿಗೆ ಫೋನ್ ಮಾಡಿಸಿದೆ. ದೇಸಾಯರದು ಸ್ಪೀಕರಿನದೇ ವ್ಯಾಪಾರ. ತೆಳ್ಳಗಿನ, ಮೆಲ್ಲಗೆ ಮಾತಾಡುವ ಮನುಷ್ಯ. ಎರಡು ಜೊತೆ ಸ್ಪೀಕರುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ವ್ಯಾನಿನಲ್ಲಿ ಬಂದರು. ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಗೋಡೆಯಿಂದ ಗೋಡೆಗೆ ಓಡಾಡಿ ಬಹಳ ಹೊತ್ತಿನ ಮೇಲೆ ಸತ್ತಿತು. ನೆಲಕ್ಕೆ ಬಿಳಿ ಕಲ್ಲು, ಎರಡಂತಸ್ತಿನ ಎತ್ತರ, ಕೆಂಪು ಧೂಳು ಬಾರದಂತೆ ಸದಾ ಮುಚ್ಚಿದ ಗಾಜಿನ ಕಿಟಕಿ.

"ಸಾಹುಕಾರ್ರ, ಇದು ಬಾವಿ ಆಗೈತ್ರಿ. ಒಂದು ಜಮಖಾನಿ ಹಾಸ್ರಿ, ದಪ್ಪನ ಪರದೆ ಕಟ್ರಿ."

"ಕಲ್ಲು ಕಾಣ್ಲಿ ಅಂತ ಹಾಕ್ಸೀನ್ರಿ, ಮುಚ್ಚಾಕಲ್ಲ" ಎಂದೆ.

ಅವರು ಕಂಬಳಿ ಬಿಚ್ಚಿದರು. ಒಂದು ಜೊತೆ ಎತ್ತರವಾಗಿ, ಸಣ್ಣ ಸೊಂಟದ್ದು, ತಲೆಯ ಹತ್ತಿರ ಬೆಳ್ಳಿ ಬೊಟ್ಟಿಟ್ಟಂತೆ ಹೊಳೆಯುವ ಲೋಹದ ಗುಬುಟು. ಇನ್ನೊಂದು ಗಿಡ್ಡ, ಕಾಳಿನ ಪೆಟ್ಟಿಗೆಯಂಥ ಕಟ್ಟಿಗೆಯದು. ನಾನು ಮೊದಲು ನಾಲ್ಕನ್ನೂ ಎತ್ತಿ ತೂಕ ನೋಡಿದೆ, ಬೆರಳಿನ ಗೆಣ್ಣಿನಿಂದ ಪಕ್ಕೆ ಬಡಿದೆ. ದೇಸಾಯರು ತಡೆಯಲಿಲ್ಲ, ಆದರೆ ಪ್ರತಿ ಬಡಿತಕ್ಕೂ ಕಣ್ಣು ಮುಚ್ಚಿದರು.

ವಚನ ಗಾಯನದ ಒಂದು ಸೀಡಿ ಹಾಕಿದರು. ಎತ್ತರದ ಜೊತೆಯಲ್ಲಿ ಪ್ರತಿ ಅಕ್ಷರವೂ ತೊಳೆದಿಟ್ಟಂತೆ ಕೇಳಿಸಿತು. ತಾಳದ 'ಝಣ್' ಕೂಡ. ದೋಣಿಮಲೈಯ ಆ ಉಸಿರು ವಾಪಸ್ ಬಂತು. ಆಮೇಲೆ ಗಿಡ್ಡ ಜೊತೆ. ಕೌದಿ ಹೊದ್ದುಕೊಂಡು ಹಾಡಿದಂತೆ!

"ಮನಿಯವರನ್ನೂ ಕರೀರಿ" ಎಂದರು ದೇಸಾಯರು. "ಅವರೂ ಕುಂತು ಕೇಳ್ಲಿ. ಸ್ಪೀಕರ್ ಮನಿಗೆಲ್ಲ ಸೇರಿದ್ದು."

ನನ್ನ ಹೆಂಡತಿ ಶಾರದಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ಆಕಿಗೇನು ತಿಳಿತೈತ್ರಿ" ಎಂದೆ. "ಮೂವತ್ತು ವರ್ಷ ಕಿವೀಲೆ ಅನ್ನ ತಿಂದೀನಿ. ಎತ್ತರದ್ದೇ ಇರ್ಲಿ."

ದೇಸಾಯರು ಎರಡು ಸಲ ನನ್ನ ಮುಖ ನೋಡಿದರು. ಎತ್ತರದ ಜೊತೆಯ ಕಾಲಿಗೆ ಕಬ್ಬಿಣದ ಉಗುರು ಹಚ್ಚಿ ನಿಲ್ಲಿಸಿದರು, ಗಿಡ್ಡ ಜೊತೆಯನ್ನು ಕಂಬಳಿ ಸುತ್ತಿ ತೆಗೆದುಕೊಂಡು ಹೋದರು.

ಸ್ಪೀಕರ್ ನೋಡಲು ಬಂದವರಲ್ಲಿ ಮೊದಲಿಗ ಮೌಲಾಸಾಬ. ನನ್ನ ಗ್ಯಾರೇಜಿನ ಪಕ್ಕದಲ್ಲೇ ಪ್ಲೇಟು ಬಡಿದು ಲಾರಿಯ ಬಾಡಿ ಕಟ್ಟುವವನು, ಹುಡುಗತನದಿಂದ ದೋಸ್ತ. ನಾವಿಬ್ಬರು ಮಳೆಯ ವಿಷಯ ಮಾತಾಡಿದರೂ ದಾರಿಯಲ್ಲಿ ಹೋಗುವವರು ಜಗಳ ಬಿಡಿಸಲು ನಿಲ್ಲುತ್ತಿದ್ದರು. ಅವನು ಸೋಫಾದಲ್ಲಿ ಕಾಲು ಮಡಚಿ ಕೂತು, ಕಣ್ಣಲ್ಲಿ ನೀರು ತಂದುಕೊಂಡ. "ಮಸ್ತ್ ಐತಿ ಬಿಡಲೇ! ಎದಿಯಾಗ ಕುಂತು ಹಾಡಿದಂಗ ಆಗ್ತೈತಿ."

ಬೇರೆ ಯಾರೂ ಹಾಗನ್ನಲಿಲ್ಲ. ಬೀಗರು ಬಂದರು, ಅರ್ಧ ಹಾಡಿಗೆ ಎದ್ದು ಹೊರಗೆ ತುಳಸಿಕಟ್ಟೆಯ ಹತ್ತಿರ ಗಾಳಿ ಚೆನ್ನಾಗಿದೆ ಎಂದರು. ಆ ವರ್ಷ ಹೊರಗಿನ ಗಾಳಿಯಲ್ಲಿ ಉಸಿರಾಡಿದರೆ ಮೂಗಿನಿಂದ ಅದಿರು ಬರುತ್ತಿತ್ತು! ಶಾರದಾ ನಾನು ಸ್ಪೀಕರ್ ಹಚ್ಚಿದ ಕೂಡಲೇ ಹಿತ್ತಲಿಗೆ ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಹೊಟ್ಟೆಕಿಚ್ಚು ಬೀಗರಿಗಿರಲಿ, ಹೆಂಡತಿಗೂ ಇರುತ್ತದೆಯೇ, ನೀವೇ ಹೇಳಿ.

ಒಂದು ದಿನ ಕೇಳಿಯೇಬಿಟ್ಟೆ. "ಏನಾಗೈತಿ ನಿನಗ?"

"ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತೈತ್ರೀ. ಹಾಡಿದ್ದಾಗ ಬಿಡ್ರಿ, ಸುಮ್ಮನಿದ್ದಾಗೂ ಬುಸ್ ಅಂತೈತಿ. ಹಾವು ಕುಂತಂಗ."

"ಯಾವ ಹಾವಲೇ?"

"ಈಗೂ ಅನ್ನಕತ್ತೈತಲ್ರೀ!"

ಹಾಡು ನಿಂತಿತ್ತು, ಸೀಡಿ ಹಾಕುವ ಮಶೀನು ಮಾತ್ರ ಚಾಲೂ ಇತ್ತು. ನಾನು ಎದ್ದು ಹೋಗಿ ಬೆಳ್ಳಿಯ ಗುಬುಟಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಇನ್ನೊಂದಕ್ಕೆ ಹಚ್ಚಿದೆ. ಏನೂ ಇಲ್ಲ. "ನಿನ್ನ ತಲ್ಯಾಗ ಬುಸ್ ಅನ್ನಕತ್ತೈತಿ" ಎಂದೆ. ಮೌಲಾನನ್ನು ಕರೆದು ಕೇಳಿಸಿದೆ. ಅವನೂ ಎರಡೂ ಸ್ಪೀಕರಿಗೆ ಕೆನ್ನೆ ಹಚ್ಚಿ, ಶಾರದಾಳ ಕಡೆ ತಿರುಗಿ, "ವೈನೀ, ಭ್ರಮೀ ನಿಮಗ" ಎಂದ. ಎರಡು ಸಾಕ್ಷಿ, ನಾನು ಗೆದ್ದೆ. ಆದರೂ ಆಕೆಯ ಬಾಯಿ ಮುಚ್ಚಿಸಲೆಂದು ದೇಸಾಯರನ್ನೇ ಕರೆಸಿದೆ.

ದೇಸಾಯರು ಬಂದರು. ಮಶೀನು ಹಚ್ಚಿದೆ. ಅವರು ಇನ್ನೂ ಚಪ್ಪಲಿ ಬಿಡುತ್ತಿದ್ದರು, ಬಾಗಿಲಲ್ಲೇ ತಲೆ ಎತ್ತಿದರು. "ಅಮ್ಮಾರು ಹೇಳಿದ್ದು ಖರೇರಿ. ಬುಸ್ ಅಂತೈತಿ. ವೈರಿಂದು, ಈಗ ತೆಗೀತೀನಿ."

ಬಾಗಿಲಿಗೂ ಸ್ಪೀಕರಿಗೂ ನಡುವೆ ಹನ್ನೆರಡು ಹೆಜ್ಜೆ. ನಾನು ಆ ಹೆಜ್ಜೆಗಳನ್ನೇ ನೋಡುತ್ತಾ ನಿಂತೆ. ಶಾರದಾ ಗೆದ್ದವಳಂತೆ ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ, ಚಹಾ ಮಾಡಲು ಒಳಗೆ ಹೋದಳು.

ಕೆಲಸ ಮುಗಿದ ಮೇಲೆ ವ್ಯಾನಿನ ತನಕ ಹೋಗಿ ಕೇಳಿದೆ. "ದೇಸಾಯರ, ನನಗ್ಯಾಕ ಕೇಳಸ್ಲಿಲ್ಲ?"

ಅವರು ಕನ್ನಡಕ ಒರೆಸಿಕೊಂಡರು. "ಚೂಪು ದನಿ ಐತಲ್ರೀ, ಅದು ಕಿವಿಯಿಂದ ಮೊದಲು ಹೋಗ್ತೈತಿ. ಮಶೀನಿನ ಗದ್ದಲದಾಗ ದುಡದವರಿಗೆ ಭಾಳ ಜಲ್ದಿ. ಈ ಸ್ಪೀಕರಿನ್ಯಾಗ ಚೂಪು ಜಾಸ್ತಿ. ನಿಮಗ ಬಿದ್ದು ಹೋದಷ್ಟನ್ನ ಅದು ತುಂಬಿ ಕೊಡ್ತೈತಿ, ಅದಕ್ಕ ಸರಿ ಅನಿಸ್ತು. ಉಳದವರಿಗೆ ಅದು ಸೂಜಿ."

"ಅವತ್ತ ಹೇಳಬೇಕಿತ್ತಲ್ರೀ!"

"ಮನಿಯವರನ್ನ ಕರೀರಿ ಅಂತ ಹೇಳಿದ್ದೆ."

ನಾನು ವ್ಯಾನಿನ ಬಾಗಿಲು ಹಿಡಿದು, "ಮನ್ಯಾಗ ಹೇಳಬ್ಯಾಡ್ರಿ" ಎಂದೆ.

"ನಾನ್ಯಾಕ ಹೇಳ್ಲಿ? ಹೇಳೋದಿದ್ರ ನೀವು ಹೇಳ್ರಿ."

ಊರಿನ ಲಾರಿಗಳೆಲ್ಲ ನನ್ನ ಕಿವಿಯ ಮೇಲೆ ಘಟ್ಟ ಇಳಿಯುತ್ತಿದ್ದವು. ಹೇಗೆ ಹೇಳಲಿ? ಹೇಳಿದರೆ ನನ್ನದು ಎನ್ನುವುದು ಏನುಳಿಯುತ್ತದೆ? ಮರುದಿನದಿಂದ ಗಾಲಿಗೆ ಗಾಳಿಯ ಮೀಟರ್ ಹಿಡಿಯತೊಡಗಿದೆ. ಗಿರಾಕಿಗಳು ಕೇಳಿದರೆ, "ಈಗಿನ ಕಾಲದಾಗ ಎಲ್ಲಾ ಪಕ್ಕಾ ಬೇಕಪ" ಎನ್ನುತ್ತಿದ್ದೆ. ಅವರು ನನ್ನನ್ನು ಮುಂದುವರಿದವನು ಎಂದುಕೊಂಡರು.

ಸ್ಪೀಕರಿನ ವಿಷಯ ಹಾಗೆ ದಾಟಿಸಲು ಆಗಲಿಲ್ಲ. ನಾನೇ ಹೇಳಿಕಳಿಸಿದೆ, ದೇಸಾಯರು ಆ ಗಿಡ್ಡ ಜೊತೆಯನ್ನು ಮತ್ತೆ ತಂದರು. ಈ ಸಲ ಶಾರದಾಳನ್ನು ಸೋಫಾದ ನಡುವೆ ಕೂರಿಸಿದೆ. "ನಿನಗ ಯಾವುದು ಬೇಕೋ ಅದು ಇರ್ಲಿ" ಎಂದೆ, ಬಂಗಾರ ಕೊಡಿಸುವವನ ದನಿಯಲ್ಲಿ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಮೊದಲು ಎತ್ತರದ್ದು ಹಾಡಿತು. ನನಗೆ ಪ್ರತಿ ಅಕ್ಷರ ಕೇಳಿಸಿತು, ಅವಳ ಹುಬ್ಬು ಗಂಟಾಯಿತು. ಆಮೇಲೆ ಗಿಡ್ಡದ್ದು ಹಾಡಿತು. ಕೌದಿಯೊಳಗೆ ಯಾರೋ ಏನೋ ಅನ್ನುತ್ತಿದ್ದರು. ಅವಳ ಹುಬ್ಬು ಬಿಚ್ಚಿಕೊಂಡಿತು, ತಲೆ ಸಣ್ಣಗೆ ಆಡತೊಡಗಿತು. ಒಂದು ಕಡೆ, "ಅಯ್ಯ, ಹಿಂದ ಗೆಜ್ಜಿ ಬಾರಸಾಕತ್ಯಾರಲ್ರೀ!" ಎಂದಳು. ಯಾವ ಗೆಜ್ಜೆಯೋ. ನಾನು ಅವಳ ಮುಖವನ್ನೇ ನೋಡುತ್ತಾ ಆ ಹಾಡು ಕೇಳಿದೆ. ಮದುವೆಯಾದಂದಿನಿಂದ ಅಷ್ಟು ಹೊತ್ತು ಆ ಮುಖವನ್ನು ಒಂದೇ ಸಮನೆ ನೋಡಿದ್ದು ಅದೇ ಮೊದಲೇನೋ.

ಗಿಡ್ಡ ಜೊತೆ ಉಳಿಯಿತು. ಬಿಳಿ ಕಲ್ಲಿನ ಮೇಲೆ ಜಮಖಾನೆ ಬಂತು, ಕಿಟಕಿಗೆ ಪರದೆ ಬಂತು. "ಹೆಂಡತಿ ಮಾತು ಕೇಳಿ ಸಾಮಾನು ಬದಲು ಮಾಡ್ದ ನೋಡು, ಗಂಡಸು ಅಂದ್ರ ಹಿಂಗಿರಬೇಕು" ಎಂದು ಬೀಗರು ಹೊಗಳಿದರು. ಹೊಗಳಿಕೆಯನ್ನು ಇಟ್ಟುಕೊಂಡೆ. ಮೌಲಾ ಮಾತ್ರ ಎರಡು ನಿಮಿಷ ಕೇಳಿ, "ಯಾಕಲೇ, ಇದಕ್ಕ ನೆಗಡಿ ಬಂದೈತೇನು?" ಎಂದ. "ನಿನಗೇನು ತಿಳಿತೈತಲೇ, ತಗಡು ಬಡಿಯಾಂವಗ!" ಎಂದು ಬೈದೆ. ಮನಸ್ಸಿನಲ್ಲಿ ಅವನ ಮಾತೇ ಸರಿ ಎನಿಸುತ್ತಿತ್ತು. ಜೀವದ ದೋಸ್ತನಿಗೆ ನಾನು ಮಾಡಿದ ದ್ರೋಹ ಅದೊಂದೇ.

ಅದಿರಿನ ಕಾಲ ಹೋಯಿತು, ಲಾರಿಗಳು ಹೋದವು. ಗ್ಯಾರೇಜನ್ನು ಬೇರೆಯವರು ನಡೆಸುತ್ತಾರೆ. ದೇಸಾಯರು ಅಂದು ಹೇಳಿದ ಆ ಮಾತನ್ನು ಮೊನ್ನೆಯವರೆಗೆ ಇನ್ನೊಬ್ಬರಿಗೆ ನಾನು ಹೇಳಿರಲಿಲ್ಲ. ಕೇಳಿಸದ ಮಾತಿಗೆ ಹೂಂ ಎನ್ನುವುದನ್ನು ಕಲಿತಿದ್ದೇನೆ. ಹೂಂ ಅಂದು ಎರಡು ಮದುವೆಗೆ ಒಪ್ಪಿದ್ದೇನೆ, ಒಂದು ಎಮ್ಮೆ ಕೊಂಡಿದ್ದೇನೆ.

ಮೊನ್ನೆ ಮೇಸ್ತ್ರಿ ಡಬ್ಬಿಯಲ್ಲಿ ಬಣ್ಣ ಕಲಸುತ್ತಿದ್ದ. ನಾನು ಬಗ್ಗಿ ಆ ಕುಳಿಗಳನ್ನು ನೋಡುತ್ತಿದ್ದೆ. ಹಿಂದೆ ಶಾರದಾ ಏನೋ ಅಂದಳು. ಹೂಂ ನಾಲಗೆಯ ತುದಿಗೆ ಬಂದಿತ್ತು. ಯಾಕೋ ಅದು ಹೊರಡಲಿಲ್ಲ. ಎದ್ದು ನಿಂತು, ಮೇಸ್ತ್ರಿಯ ಎದುರಿಗೇ, "ಕೇಳಸ್ಲಿಲ್ಲ ನನಗ. ಭಾಳ ವರ್ಷದಿಂದ ಸರಿಯಾಗಿ ಕೇಳಸಾಂಗಿಲ್ಲ" ಎಂದೆ.

ಅವಳಿಗೆ ಆಶ್ಚರ್ಯವೂ ಆಗಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. ನನ್ನನ್ನು ಸುತ್ತು ಹಾಕಿ ಎಡಗಡೆಗೆ ಬಂದು ನಿಂತು, "ಸಕ್ಕರಿ ತೀರೈತಿ, ಬೆಲ್ಲದ ಚಾ ಮಾಡ್ಲೇನು ಅಂದೆ" ಎಂದಳು.

ಲಾರಿ ಓಡಿಸುವವನ ಬಲಗಿವಿ ಕಿಟಕಿಯ ಕಡೆಗಿರುತ್ತದೆ. ಹೋದದ್ದರಲ್ಲಿ ಹೆಚ್ಚು ಹೋದದ್ದು ಅದು. ಒಂದೊಂದು ಕಿವಿಗೂ ಗಡಿಯಾರ ಹಿಡಿದು ನಾನೊಬ್ಬನೇ ಪರೀಕ್ಷೆ ಮಾಡಿಕೊಂಡಿದ್ದು ಬಿಟ್ಟರೆ ಆ ವಿಷಯ ದೇಸಾಯರಿಗೂ ಗೊತ್ತಿಲ್ಲ. ಇಷ್ಟು ವರ್ಷ ಸೋಫಾದಲ್ಲಿ, ಬಸ್ಸಿನಲ್ಲಿ, ಪಂಕ್ತಿಯಲ್ಲಿ ಅವಳು ಯಾವಾಗಲೂ ನನ್ನ ಎಡಕ್ಕೇ ಕೂರುತ್ತಿದ್ದಳಲ್ಲ ಎಂದು ಆಗ ಹೊಳೆಯಿತು.

"ಮಾಡು" ಎಂದೆ. "ಮೇಸ್ತ್ರಿಗೂ ಒಂದು ಕಪ್."