ಬಲಗಿವಿಯ ನಾದ

ಮುಂಬಯಿಯ ಭಾಂಡುಪ್‌ನಲ್ಲಿ ಗುಡ್ಡದ ಬುಡಕ್ಕಿದ್ದ, ಒಂಟಿಕೋಣೆ ಮನೆಗಳ ಚಾಳಿನಲ್ಲಿ ಕೆಲವು ತಿಂಗಳ ಮಟ್ಟಿಗೆ ಒಬ್ಬ ಸಿದ್ಧಪುರುಷ ಇದ್ದ. ಹೆಸರು ಶಿವಪುತ್ರಪ್ಪ. ವಿಜಾಪುರದ ಕಡೆಯವನು, ಮೂವತ್ತು ಇನ್ನೂ ದಾಟಿರಲಿಲ್ಲ, ಬೀಡಿ ಸೇದುತ್ತಿದ್ದ, ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುತ್ತಿದ್ದ. ಇಂಥವನನ್ನು ಹಿಡಿದು ಸಿದ್ಧಪುರುಷ ಮಾಡಿದವರು ನಮ್ಮ ಜನ. ಅವನು ಪಾಪ ಬೇಕೆಂದು ಕೇಳಿದವನಲ್ಲ. ಆ ತಿಂಗಳುಗಳಲ್ಲಿ ಅವನು ಅನುಭವಿಸಿದ ಅಂಜಿಕೆ ಶತ್ರುವಿಗೂ ಬೇಡ.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಮಾತು. ಚೆಂಬೂರಿನ ಆಚೆ ಎಣ್ಣೆ ಕಾರ್ಖಾನೆಗಳ ಸುತ್ತಮುತ್ತ ಗುತ್ತಿಗೆದಾರರ ಕೈಕೆಳಗೆ ನಮ್ಮ ಕಡೆಯ ಜನ ಬಹಳ ಇದ್ದರು. ಶಿವಪುತ್ರಪ್ಪನದು ತುಕ್ಕು ಕೆತ್ತುವ ಕೆಲಸ. ಎಣ್ಣೆ ತುಂಬಿಡುವ, ಮನೆಯಷ್ಟು ಎತ್ತರದ ಕಬ್ಬಿಣದ ಟಾಕಿಯನ್ನು ಬರಿದು ಮಾಡಿರುತ್ತಿದ್ದರು. ಪಕ್ಕದ ಸಣ್ಣ ಕಿಂಡಿಯಿಂದ ಒಳಗೆ ನುಸುಳಿ, ಗಾಳಿಯ ಒತ್ತಡದಿಂದ ಓಡುವ ಸುತ್ತಿಗೆ ಹಿಡಿದು, ಒಳಗೋಡೆಯ ತುಕ್ಕನ್ನೆಲ್ಲ ಬಡಿದು ಬೀಳಿಸಬೇಕು. ಒಳಗೆ ಕೂತವನಿಗೆ ಆ ಸದ್ದು ಕಿವಿಗೆ ಬರುವ ಮೊದಲು ಹಲ್ಲಿಗೆ ಬರುತ್ತಿತ್ತು. ಕಿವಿಗೆ ತುರುಕಿಕೊಳ್ಳಲು ಹತ್ತಿ ಬಳಸಿರಿ ಎಂದು ಗುತ್ತಿಗೆದಾರ ಹೇಳಿದ್ದ. ಹತ್ತಿಯನ್ನು ಮನೆಯಿಂದ ತರಬೇಕು ಎಂದೂ ಹೇಳಿದ್ದ, ಅಷ್ಟು ದೊಡ್ಡ ಮನಸ್ಸು ಅವನದು. ಸಂಜೆ ಹೊರಬಂದವರು ಒಬ್ಬರ ಮಾತು ಒಬ್ಬರಿಗೆ ಕೇಳದೆ ಕಿರುಚಾಡುತ್ತ ಲೋಕಲ್ ರೈಲು ಹತ್ತುತ್ತಿದ್ದರು. ರಾತ್ರಿ ಉಣ್ಣುವ ಹೊತ್ತಿಗೆ ಕಿವಿಯ ಗುಂಯ್‌ಗುಡಿಕೆ ನಿಲ್ಲುತ್ತಿತ್ತು, ಮರುದಿನ ಮತ್ತೆ ಅದೇ.

ಒಮ್ಮೆ ಮಳೆಗಾಲದ ಮುಂಚೆ ಕೆಲಸ ಮುಗಿಸುವ ಅವಸರದಲ್ಲಿ ಒಂದೇ ಟಾಕಿಯೊಳಗೆ ಎರಡು ಸುತ್ತಿಗೆ ಇಳಿಸಿದರು. ಆ ಸಂಜೆ ಶಿವಪುತ್ರಪ್ಪನ ಕಿವಿಯಲ್ಲಿ ಹತ್ತಿದ ಸದ್ದು ರಾತ್ರಿ ನಿಲ್ಲಲಿಲ್ಲ. ಮರುದಿನವೂ ನಿಲ್ಲಲಿಲ್ಲ. ಬಲಗಿವಿಯಲ್ಲಿ ಜೀರುಂಡೆಯ ಚೀರಾಟ, ಅದರ ಮೇಲೆ ಸಣ್ಣಗೆ ಎಳೆದ ಗಂಟೆಯ ದನಿ. ಇದನ್ನಾದರೂ ತಾಳಿಕೊಳ್ಳಬಹುದಿತ್ತು. ಕೆಲವು ವಾರದಲ್ಲಿ ದಿನನಿತ್ಯದ ಸದ್ದುಗಳೇ ಕಿವಿಯನ್ನು ಇರಿಯತೊಡಗಿದವು. ಪಕ್ಕದ ಕೋಣೆಯಲ್ಲಿ ಯಾರಾದರೂ ತಾಟು ನೆಲಕ್ಕಿಟ್ಟರೆ, ನಳದ ಕೆಳಗೆ ಬಕೆಟ್ ಸರಿಸಿದರೆ, ಲೋಕಲ್ ಬ್ರೇಕ್ ಹಾಕಿದರೆ, ಕಿವಿಯೊಳಗೆ ಮೊಳೆ ಹೊಡೆದಂತಾಗಿ ಮೈಯೆಲ್ಲ ಬೆವರುತ್ತಿತ್ತು. ಹಿಂದೆಯೇ ಕಾರಣವಿಲ್ಲದ ಸಿಟ್ಟು ನೆತ್ತಿಗೇರುತ್ತಿತ್ತು.

ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಅವನು ತಿಳಿದ. ಅವನ ಊರಲ್ಲಿ ಕಾಶಪ್ಪನೆಂಬ ಒಬ್ಬ ಇದ್ದ. ಬೇರೆಯವರಿಗೆ ಕೇಳದ್ದು ತನಗೆ ಕೇಳುತ್ತದೆ ಎನ್ನುತ್ತ ಎನ್ನುತ್ತ ಕೊನೆಗೆ ಮನೆಯವರೇ ಅವನನ್ನು ಪಡಸಾಲೆಯ ಕಂಬಕ್ಕೆ ಕಟ್ಟಿಹಾಕಿದ್ದರು. ಕಂಬದ ಬುಡದಲ್ಲಿ ಅವನು ಉಂಡದ್ದನ್ನು ಶಿವಪುತ್ರಪ್ಪ ಕಣ್ಣಾರೆ ಕಂಡಿದ್ದ. ಹೆಂಡತಿ ಶರಣವ್ವ ಆಗ ಹೆರಿಗೆಗೆಂದು ತವರಿಗೆ ಹೋದವಳು ಅಲ್ಲೇ ಇದ್ದಳು. ಮಗಳು ಹುಟ್ಟಿದ್ದಳು. ತೊಟ್ಟಿಲ ಕಾರ್ಯಕ್ಕೆ ಹೋಗಿ, ಮಗಳಿಗೆ ತನ್ನ ಸತ್ತ ತಾಯಿಯ ಹೆಸರು ಹಾಲವ್ವ ಎಂದು ಇಟ್ಟು, ಆ ಕೂಸನ್ನು ಕೆಳಗಿಳಿಸಲು ಮನಸ್ಸಿಲ್ಲದಿದ್ದರೂ ಇಳಿಸಿ ಮುಂಬಯಿಗೆ ಮರಳಿದ್ದ. ಇದೆಲ್ಲ ಕಿವಿ ಕೆಡುವ ಮುಂಚಿನ ಮಾತು. ಈಗ ಶರಣವ್ವ ಬರುವ ದಿನ ಹತ್ತಿರವಾಗುತ್ತಿತ್ತು, ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬರಾದರೂ ಬೇಕಿತ್ತು.

ಹೇಳಿಕೊಂಡದ್ದು ಗುರಲಿಂಗಪ್ಪನವರ ಹತ್ತಿರ. ಅವರು ಬಟ್ಟೆ ಗಿರಣಿಯಿಂದ ನಿವೃತ್ತರಾದ ಹಿರಿಯರು, ಶಿವಪುತ್ರಪ್ಪನಿಗೆ ಈ ಚಾಳಿನಲ್ಲಿ ಕೋಣೆ ಕೊಡಿಸಿದವರು. ಸೋಮವಾರ ಸಂಜೆ ಅವರಲ್ಲೇ ಭಜನೆ. ಮನುಷ್ಯನ ಶರೀರದೊಳಗೆ ಒಂದು ನಾದವಿದೆ, ಮನಸ್ಸು ನೆಟ್ಟು ಕೂತವನಿಗೆ ಅದು ಬಲಗಿವಿಯಲ್ಲಿ ಕೇಳುತ್ತದೆ ಎಂದು ಅವರ ಗುರುಗಳು ಹೇಳಿದ್ದರಂತೆ. ಹರೆಯದಿಂದಲೂ ದಿನಾ ಬೆಳಿಗ್ಗೆ ಹೆಬ್ಬೆರಳುಗಳಿಂದ ಕಿವಿ ಒತ್ತಿಕೊಂಡು ಕೂರುವುದು ಅವರ ಪದ್ಧತಿ. ಮೊಮ್ಮಕ್ಕಳು ಬೆನ್ನ ಮೇಲೆ ಹತ್ತಿದರೂ ಏಳುತ್ತಿರಲಿಲ್ಲ.

ಶಿವಪುತ್ರಪ್ಪ ಹೇಳಿದ್ದನ್ನು ಅವರು ಮೈಯೆಲ್ಲ ಕಿವಿಯಾಗಿ ಕೇಳಿದರು.

“ಯಾವ ಕಿವ್ಯಾಗ?”

“ಬಲಗಿವ್ಯಾಗ್ರಿ ಕಾಕಾ.”

“ಕಿವಿ ಮುಚ್ಚಿದ್ರೂ ಕೇಳಸತೈತಿ?”

“ಮುಚ್ಚಿದ್ರ ಇನ್ನೂ ಜೋರ್ ಕೇಳಸತೈತ್ರಿ.”

ಮುದುಕರ ಕಣ್ಣು ತುಂಬಿಬಂದವು. “ತಮ್ಮಾ, ಇದು ಹುಚ್ಚಲ್ಲ. ಇದು ನಾದ,” ಎಂದರು. ವಾರ ಕಳೆಯುವುದರೊಳಗೆ ಇಡೀ ಚಾಳಿಗೆ ಸುದ್ದಿ ಗೊತ್ತಾಗಿತ್ತು.

ಮೊದಲ ಕೆಲವು ದಿನ ಶಿವಪುತ್ರಪ್ಪನಿಗೂ ಹಾಯೆನಿಸಿತು. ಕಂಬಕ್ಕೆ ಕಟ್ಟಿಸಿಕೊಳ್ಳುವುದಕ್ಕಿಂತ ಕಾಲಿಗೆ ಬೀಳಿಸಿಕೊಳ್ಳುವುದು ಎಷ್ಟೋ ವಾಸಿ. ಆದರೆ ಸೋಮವಾರ ಬಂತು. ಅವನನ್ನು ಭಜನೆಯ ನಟ್ಟನಡುವೆ ಕೂರಿಸಿದರು, ಎರಡು ಕಡೆಯಿಂದ ತಾಳ ಬಾರಿಸತೊಡಗಿದರು. ಆ ಹಿತ್ತಾಳೆಯ ಒಂದೊಂದು ಪೆಟ್ಟಿಗೂ ಅವನ ಜೀವ ಬಾಯಿಗೆ ಬರುತ್ತಿತ್ತು. ಹಲ್ಲು ಕಚ್ಚಿ ಕಣ್ಣು ಮುಚ್ಚಿದ. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯಿತು. ಆನಂದಬಾಷ್ಪ ಎಂದು ಒಬ್ಬರು ಪಿಸುಗುಟ್ಟಿದರು, ತಾಳದವರಿಗೆ ಇನ್ನಷ್ಟು ಹುರುಪು ಬಂತು. ಇಂಥ ಭಕ್ತರ ಕೈಗೆ ಸಿಕ್ಕವನನ್ನು ದೇವರೂ ಬಿಡಿಸಲಾರ. ಅಲ್ಲಿಂದ ಅವನು ಏನು ಮಾಡಿದರೂ ಅದಕ್ಕೊಂದು ಅರ್ಥ ಬಂತು. ಹತ್ತಿ ತುರುಕಿಕೊಂಡರೆ ಲೋಕದ ಮಾತು ಬೇಡವಾಗಿದೆ ಎಂದರು. ಮದುವೆ ಊಟಕ್ಕೆ ಹೋಗದಿದ್ದರೆ ವೈರಾಗ್ಯ ಎಂದರು. ಸುಮ್ಮನೆ ಗೋಡೆ ನೋಡುತ್ತ ಕೂತರೆ ಬಾಗಿಲಲ್ಲಿ ಬಾಳೆಹಣ್ಣು ಇಟ್ಟು ಹೋದರು.

ಆಮೇಲೆ ಒಂದು ಸಂಜೆ ಪಕ್ಕದ ಕೋಣೆಯ ರಾಚವ್ವ ತನ್ನ ಗಂಡುಕೂಸನ್ನು ತಂದಳು. ಹೊಟ್ಟೆನೋವೋ ಏನೋ, ಅದು ವಾರದಿಂದ ಅಳುತ್ತಿತ್ತು. ಬೇಡ ಎನ್ನುವಷ್ಟರಲ್ಲಿ ಅವನ ತೊಡೆಯ ಮೇಲೆ ಮಲಗಿಸಿಬಿಟ್ಟಳು. ಕೂಸು ಕಿರುಚಿತು. ಶಿವಪುತ್ರಪ್ಪನ ಕೈ ತಾನಾಗಿ ಹೋಗಿ ಅದರ ಬಾಯನ್ನು ಮುಚ್ಚಿತು. ಮೂಗೂ ಮುಚ್ಚಿತ್ತು. ಸದ್ದು ನಿಂತಿತು, ನಿಂತ ಆ ಕ್ಷಣದಲ್ಲಿ ಅವನಿಗೆ ಸುಖವೆನಿಸಿತು. ಕೈ ತೆಗೆದಾಗ ಕೂಸಿನ ಮುಖ ಕೆಂಪಗಾಗಿ, ಅಂಜಿ, ಬಿಕ್ಕುತ್ತಿತ್ತು. ರಾಚವ್ವ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವನ ಹಸ್ತ ತಾಕಿದ್ದೇ ತಡ ಕೂಸು ತಣ್ಣಗಾಯಿತು ಎಂದು ಮರುದಿನ ನಳದ ಹತ್ತಿರ ಎಲ್ಲರಿಗೂ ಹೇಳಿದಳು.

ಶಿವಪುತ್ರಪ್ಪನಿಗೆ ಅಂದಿನಿಂದ ಹುಚ್ಚಿನ ಅಂಜಿಕೆ ಹೋಯಿತು. ಅದರ ಜಾಗದಲ್ಲಿ ತನ್ನ ಕೈಯ ಅಂಜಿಕೆ ಬಂದು ಕೂತಿತು. ಹೆಂಡತಿ ಬಂದರೆ ಇರುವುದು ಒಂದೇ ಕೋಣೆ, ಅದರಲ್ಲಿ ಅಳುವ ಕೂಸು, ಈ ಕೈಗಳು. ಊರಿಗೆ ಹೊರಟಿದ್ದ, ಶರಣವ್ವನ ತವರೂರಿನ ಹಣಮಂತನ ಕೈಯಲ್ಲಿ, ಸದ್ಯಕ್ಕೆ ಬರುವುದು ಬೇಡ, ಕೂಸು ದೊಡ್ಡದಾಗಲಿ ಎಂದು ಹೆಂಡತಿಗೆ ಹೇಳಿಕಳಿಸಿದ. ಗುರಲಿಂಗಪ್ಪನವರು ಅದೇ ಹಣಮಂತನಿಗೆ, ನಿಮ್ಮ ಊರಿನ ಅಳಿಯನಿಗೆ ಸಂಸಾರದ ಮೇಲೆ ಮನಸ್ಸಿಲ್ಲ, ಬಹಳ ಎತ್ತರಕ್ಕೆ ಹೋಗಿದ್ದಾನೆ ಎಂದು ಅಭಿಮಾನದಿಂದ ಸೇರಿಸಿ ಹೇಳಿದರು. ಗಂಡ ಎತ್ತರಕ್ಕೆ ಹೋಗುವುದನ್ನು ಯಾವ ಹೆಂಡತಿ ಕೈಕಟ್ಟಿ ನೋಡುತ್ತಾಳೆ? ಶರಣವ್ವ ಅಣ್ಣನನ್ನು ಎಬ್ಬಿಸಿಕೊಂಡು, ಕೂಸನ್ನು ಬಗಲಿಗೇರಿಸಿ ರೈಲು ಹತ್ತಿಯೇಬಿಟ್ಟಳು. ಅಣ್ಣ ಚಾಳಿನತನಕ ಬಿಟ್ಟು ಹೋದ.

“ಸ್ವಾಮಿ ಆಗೂ ಮನಸಿದ್ರ ಲಗ್ನಕ್ಕಿಂತ ಮೊದಲ ಆಗಬೇಕಿತ್ತು,” ಎಂದಳು ಹೊಸ್ತಿಲಲ್ಲೇ. “ಈಗ ಆಗಂಗಿಲ್ಲ.”

ಅವನು ಏನೆಂದು ಹೇಳಬೇಕು? ನಿನ್ನ ಕೂಸಿನ ದನಿ ಕೇಳಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ ಎಂದೇ? ನಸುಕಿನಲ್ಲಿ ಎದ್ದು ಹೋಗುತ್ತಿದ್ದ, ಸಂಜೆ ಕೆಲಸ ಮುಗಿದ ಮೇಲೂ ಗುಡ್ಡದ ಮೇಲೆ ಕೂತು ಕೂಸು ಮಲಗಿರಬಹುದು ಎನಿಸಿದಾಗ ಬರುತ್ತಿದ್ದ. ಮಗಳನ್ನು ಎತ್ತಿಕೊಳ್ಳಲಿಲ್ಲ, ಮುಟ್ಟಲೂ ಇಲ್ಲ. ಅವರನ್ನು ಸಂಸಾರಕ್ಕೆ ಕಟ್ಟಿಹಾಕಬೇಡವ್ವ ಎಂದು ಚಾಳಿನ ಹೆಂಗಸರು ಬುದ್ಧಿ ಹೇಳಿದರು. ಶರಣವ್ವ ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಒಂದು ರವಿವಾರ ಬೆಳಿಗ್ಗೆ ನಳಕ್ಕೆ ನೀರು ಬಂದಾಗ ಅವಳು ಕೊಡ ಎತ್ತಿಕೊಂಡು, ಕೂಸಿನ ಕಡೆ ನೋಡಿಕೊಳ್ಳಿರಿ ಎಂದು ಹೊರಟಳು. ಆಗದು ಎಂದ. ಅವಳು ಕಿವಿಗೆ ಹಾಕಿಕೊಳ್ಳದೆ ಹೋದಳು, ನೀರು ಕಾಯುವುದಿಲ್ಲವಲ್ಲ. ತೊಟ್ಟಿಲಲ್ಲಿ ಹಾಲವ್ವ ಎಚ್ಚರಾದಳು. ಮೊದಲು ಕುಂಯ್‌ಗುಟ್ಟಿದಳು, ಆಮೇಲೆ ಬಾಯಿಬಿಟ್ಟು ಅತ್ತಳು. ಅವನು ತೊಟ್ಟಿಲು ತೂಗಿದ, ಅದೂ ಕಿರುಗುಟ್ಟಿತು. ಹತ್ತಿಯ ಮೇಲೆ ಹತ್ತಿ ತುರುಕಿದ. ಅಳು ಏರಿತು. ಮುಂದೆ ಅವನಿಗೆ ನೆನಪಿರುವುದು ಇಷ್ಟೇ: ತಾನು ತೊಟ್ಟಿಲ ಪಕ್ಕ ನಿಂತಿದ್ದೇನೆ, ಎರಡೂ ಕೈಯಲ್ಲಿ ಹೊದೆಯುವ ಕೌದಿ ಇದೆ, ಮಡಚಿದ್ದು. ಅದನ್ನು ಯಾವಾಗ ಎತ್ತಿಕೊಂಡನೋ ತಿಳಿಯದು. ಕೌದಿ ಎಸೆದು ಹೊರಗೋಡಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಸಿದು ಕೂತ.

ಜನ ಸೇರಿದರು. ಸಮಾಧಿ ಹತ್ತಿದೆ, ಮುಟ್ಟಬೇಡಿ ಎಂದು ಯಾರೋ ಹೇಳಿದರು. ಒಳಗೆ ಕೂಸು ಅಳುತ್ತಲೇ ಇತ್ತು. ಶರಣವ್ವ ಕೊಡ ಇಳಿಸಿ ಓಡಿಬಂದು, ಬಾಗಿಲು ಬಿಡಿರಿ ಎಂದಳು.

“ನನ್ನ ಒಳಗ ಬಿಡಬ್ಯಾಡ,” ಎಂದ ಶಿವಪುತ್ರಪ್ಪ. “ಕೌದಿ ಹಿಡಕೊಂಡು ನಿಂತಿದ್ದೆ. ಇನ್ನಟು ತಡಾ ಆಗಿದ್ರ ಆಕಿ ಬಾಯಿ ಮ್ಯಾಲ ಒತ್ತತಿದ್ದೆ.”

ಆಮೇಲೆ ಅಷ್ಟು ಜನರೆದುರಿಗೆ ಎಲ್ಲವನ್ನೂ ಹೇಳಿದ. ಟಾಕಿಯ ಸದ್ದು, ತಾಳದ ಪೆಟ್ಟಿಗೆ ಬಂದ ಕಣ್ಣೀರು, ರಾಚವ್ವನ ಕೂಸಿನ ಬಾಯಿ ಮುಚ್ಚಿದ್ದು. ರಾಚವ್ವ ಅಲ್ಲೇ ಇದ್ದಳು. ಮಗನನ್ನು ಎದೆಗವುಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶರಣವ್ವ ಗಂಡನನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದಳು, ಮಗಳನ್ನು ಎತ್ತಿ ಸಮಾಧಾನ ಮಾಡಿದಳು, ಆಮೇಲೆ ಹೊಸ್ತಿಲಿಗೆ ಬಂದು ನಿಂತಳು.

“ಆಕಿ ಮ್ಯಾಲ ಸಿಟ್ಟೈತೇನ್ರಿ?”

“ಇಲ್ಲ.”

“ಮತ್ತ?”

“ಅಂಜಿಕಿ,” ಎಂದ.

ಗುರಲಿಂಗಪ್ಪನವರು ಎಲ್ಲರೂ ಹೋಗುವವರೆಗೆ ಕಾದರು. ಅವರ ಮುಖ ಇಳಿದುಹೋಗಿತ್ತು. “ಇಷ್ಟ ವರ್ಷ ಕುಂತೀನಿ ತಮ್ಮಾ, ನನಗ ಒಂದಿನಾನೂ ಕೇಳಿಲ್ಲ,” ಎಂದರು. “ನಿನಗರ ಕೇಳತಲ್ಲಾ ಅಂತ ಸಮಾಧಾನ ಮಾಡಕೊಂಡಿದ್ದೆ.” ಆ ಸೋಮವಾರದಿಂದ ಭಜನೆಯಲ್ಲಿ ತಾಳ ಇರಲಿಲ್ಲ. ಬಾಯಿಂದಷ್ಟೇ ಹಾಡಿದರು, ಅದೂ ಮೆಲ್ಲಗೆ.

ಶರಣವ್ವ ಅವನನ್ನು ದವಾಖಾನೆಗೆ ಕರೆದೊಯ್ದಳು. ಒಳಗಿನ ನರಕ್ಕೆ ಸದ್ದಿನಿಂದ ಪೆಟ್ಟಾಗಿದೆ, ಇದಕ್ಕೆ ಔಷಧವಿಲ್ಲ, ಮತ್ತೆ ಟಾಕಿಯೊಳಗೆ ಹೋಗಬೇಡ ಎಂದರು ಡಾಕ್ಟರು. ಅವನು ಆ ಕೆಲಸ ಬಿಟ್ಟು ಒಂದು ಬಟ್ಟೆಯ ಗೋದಾಮಿನಲ್ಲಿ ಕಾವಲಿಗೆ ನಿಂತ. ಮನೆಯಲ್ಲಿ ಶರಣವ್ವ ಪಾತ್ರೆಯ ಕೆಳಗೆಲ್ಲ ಚಿಂದಿ ಹಾಸಿದಳು, ಮಗಳ ಕಾಲ್ಗೆಜ್ಜೆ ಬಿಚ್ಚಿಟ್ಟಳು. ಕೂಸು ಅಳಲು ಶುರುಮಾಡಿದರೆ, ಅಪ್ಪನಿಗೆ ಕೇಳಬಾರದು ಎನ್ನುತ್ತ ಎತ್ತಿಕೊಂಡು ಗುಡ್ಡದ ಕಡೆ ನಡೆಯುತ್ತಿದ್ದಳು. ಅಪ್ಪ ಮಗಳಿಬ್ಬರನ್ನೇ ಮಾತ್ರ ಒಂದು ಗಳಿಗೆಯೂ ಬಿಡುತ್ತಿರಲಿಲ್ಲ. ಬಿಡು ಎಂದು ಅವನೂ ಕೇಳಲಿಲ್ಲ. ವರ್ಷ ಉರುಳಿತು. ಜೀರುಂಡೆ ನಿಲ್ಲಲಿಲ್ಲ, ಇರಿತ ಮಾತ್ರ ತುಸು ತಗ್ಗಿತು. ಅಂಜಿಕೆ ಇದ್ದಲ್ಲೇ ಇತ್ತು. ಹಾಲವ್ವ ನಡೆಯತೊಡಗಿದಳು, ತೊದಲಿದಳು, ಚಾಳಿನ ಮಕ್ಕಳ ಸಂಗಡ ಆಡಿದಳು. ಎಂಥ ಶಾಂತ ಕೂಸು ಎಂದು ಜನ ಹೊಗಳಿದರು. ಜನಕ್ಕೇನು, ಅವರು ಮೊದಲು ಅಪ್ಪನನ್ನೂ ಹೊಗಳಿದವರೇ.

ಒಂದು ಮಧ್ಯಾಹ್ನ ಅವನು ಬಾಗಿಲ ಹೊರಗೆ ಕೂತಿದ್ದ, ಶರಣವ್ವ ಒಳಗೆ ರೊಟ್ಟಿ ಸುಡುತ್ತಿದ್ದಳು. ಮೆಟ್ಟಿಲ ಹತ್ತಿರ ಚಾಳಿನ ಮಕ್ಕಳ ಸಂಗಡ ಓಡುತ್ತಿದ್ದ ಹಾಲವ್ವ ಮುಗ್ಗರಿಸಿ ಕಲ್ಲಂಚಿಗೆ ಬಿದ್ದಳು. ಗದ್ದ ಒಡೆದು ರಕ್ತ ಬಂತು. ಬಾಯಿ ಅಗಲವಾಗಿ ತೆರೆಯಿತು, ಪುಟ್ಟ ಮೈ ಗಡಗಡ ನಡುಗಿತು, ಕಣ್ಣಿಂದ ನೀರು ಸುರಿಯಿತು. ದನಿ ಬರಲಿಲ್ಲ. ಅವಳು ಅಪ್ಪನನ್ನೇ ನೋಡುತ್ತ, ಅಷ್ಟು ನೋವನ್ನೂ ಉಸಿರೊಳಗೇ ಹಿಡಿದು, ಸದ್ದಿಲ್ಲದೆ ಅಳುತ್ತಿದ್ದಳು. ಆ ಕಣ್ಣಿನ ಅಂಜಿಕೆ ಶಿವಪುತ್ರಪ್ಪನಿಗೆ ಚೆನ್ನಾಗಿ ಪರಿಚಯವಿತ್ತು. ಟಾಕಿಯೊಳಗೂ, ತಾಳದ ನಡುವೆಯೂ ಅವನು ಇಷ್ಟು ಹೆದರಿರಲಿಲ್ಲ.

ಅವನು ಕಿವಿಯ ಹತ್ತಿ ಕಿತ್ತು ಎಸೆದ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

“ಅಳವ್ವಾ,” ಎಂದ.

ಹಾಲವ್ವ ತಲೆಯಲ್ಲಾಡಿಸಿದಳು.

“ಅಳು. ಅಪ್ಪಗ ಏನೂ ಆಗಂಗಿಲ್ಲ.”

ಅದು ಸುಳ್ಳು. ಆದರೂ ಅವಳನ್ನು ಎತ್ತಿಕೊಂಡ. ತೊಟ್ಟಿಲ ಕಾರ್ಯದ ದಿನ ಎತ್ತಿಕೊಂಡದ್ದು ಬಿಟ್ಟರೆ ಅದೇ ಮೊದಲ ಸಲ. ಭುಜಕ್ಕೊರಗಿಸಿಕೊಂಡಾಗ ಅವಳ ಬಾಯಿ ಸರಿಯಾಗಿ ಬಲಗಿವಿಯ ಹತ್ತಿರವೇ ಬಂತು. ಮೊದಲು ಒಂದು ಬಿಕ್ಕು, ಆಮೇಲೆ ಇನ್ನೊಂದು, ಆಮೇಲೆ ಅಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು. ಅವನ ಕಣ್ಣು ಕತ್ತಲಿಟ್ಟವು. ಕೈ ಎಲ್ಲಿದೆಯೆಂದು ನೋಡಿಕೊಂಡ. ಮಗಳ ಬೆನ್ನಿನ ಮೇಲಿತ್ತು.

ಅಳು ಕೇಳಿ ಶರಣವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮಗಳು ಗಂಡನ ತೋಳಲ್ಲಿರುವುದನ್ನು ಕಂಡು ಅವಳ ಮುಖದ ರಕ್ತವೇ ಇಂಗಿತು. ಎರಡೂ ಕೈ ಚಾಚಿದಳು.

ಶಿವಪುತ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ತಡಿ,” ಎಂದ. “ಇನ್ನಟು ಅಳಲಿ.”