ಕರಡಿಗೆ ಮತ್ತು ಅತಿವಾಹಕ

ವಾದದಲ್ಲಿ ನಾನು ಸೋತದ್ದು ಕಡಿಮೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಕಡೂರಿನಲ್ಲಿದ್ದ ನನ್ನ ಅಕ್ಕನ ತಲೆನೋವು ಯಾವ ಮಾತ್ರೆಗೂ ಬಗ್ಗದಿದ್ದಾಗ ವೈದ್ಯರು ಎಂ.ಆರ್.ಐ. ಮಾಡಿಸಿ ಎಂದರು, ಮೈಮೇಲೆ ಲೋಹ ಇರಕೂಡದು ಎಂದೂ ಹೇಳಿದರು. ಅಕ್ಕನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ.

"ಲಿಂಗ ಮೈಬಿಟ್ರೆ ನಾನಿದ್ದೂ ಸತ್ತಂಗೆ ಕಣೋ" ಎಂದಳು.

ಮೌಢ್ಯವೊಂದು ಎದುರಿಗೆ ಬಂದು ನಿಂತ ಮೇಲೆ ನನ್ನಂಥವನು ಸುಮ್ಮನಿರುವುದುಂಟೆ? ಒಂದೂವರೆ ತಿಂಗಳು, ಭಾನುವಾರ ತಪ್ಪದೆ ಅಜ್ಜಂಪುರದಿಂದ ಬಸ್ಸು ಹತ್ತಿದೆ.

"ಬಂದ ನೋಡು ಭಾಷಣದೋನು. ಮೊದ್ಲು ಕಾಫಿ ಕುಡಿ, ಆಮೇಲೆ ನನ್ನ ತಿದ್ದುವಂತೆ."

ನಾನು ಓದಿಕೊಂಡೇ ಹೋಗುತ್ತಿದ್ದೆ. ಆ ಯಂತ್ರದ ಒಡಲಲ್ಲಿ ಅತಿವಾಹಕದ ಸುರುಳಿಯಿದೆ. ಕೊರೆಯುವ ಶೀತದಲ್ಲಿ ವಿದ್ಯುತ್ತು ಅದರೊಳಗೆ ತಡೆಯೇ ಇಲ್ಲದೆ ಹರಿದು ಪ್ರಬಲ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ವಿಚಿತ್ರವೆಂದರೆ, ಅತಿವಾಹಕಕ್ಕೆ ಕಾಂತಕ್ಷೇತ್ರವೆಂದರೆ ಆಗದು. ಅದನ್ನು ಹೊರಗೆ ದಬ್ಬುತ್ತದೆ. ಆ ಕ್ಷೇತ್ರ ಮಿತಿಮೀರಿ ಒಳನುಗ್ಗಿದರೆ ಅತಿವಾಹಕತೆಯೇ ಅಳಿಯುತ್ತದೆ. ಆದ್ದರಿಂದ ಸುರುಳಿಗೆಂದೇ ಆರಿಸಿದ ಮಿಶ್ರಲೋಹವು ಕಾಂತಕ್ಷೇತ್ರಕ್ಕೆ ಕೂದಲೆಳೆಯಂಥ ದಾರಿಗಳನ್ನು ಬಿಟ್ಟುಕೊಟ್ಟು, ಉಳಿದೆಡೆ ತನ್ನ ಗುಣವನ್ನು ಕಾಪಾಡಿಕೊಳ್ಳುತ್ತದೆ. ಇಷ್ಟನ್ನೂ ಅಕ್ಕನಿಗೆ ವಿವರಿಸಿದ ನಾನು ಅದರಿಂದ ಏನನ್ನೂ ಕಲಿಯಲಿಲ್ಲ.

ಕೊನೆಗೆ ಅವಳು, "ಆಗ್ಲಪ್ಪಾ, ನಿನ್ನ ಬಾಯಿಗೆ ನಾ ಸಾಟಿಯಾ?" ಎಂದಳು. ಗೆದ್ದೆ. ಸ್ಕ್ಯಾನಿಗೆಂದು ಇಬ್ಬರೂ ಶಿವಮೊಗ್ಗದ ರೈಲು ಹತ್ತಿದೆವು. ತರೀಕೆರೆ ದಾಟಿದರೂ ಅವಳ ಕೈ ಕರಡಿಗೆಯ ಮೇಲೇ ಇತ್ತು.

ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡುವ ಹೆಂಗಸು ಕರಡಿಗೆ ತೆರೆಸಿ ಲಿಂಗವನ್ನು ನೋಡಿದರು, ಅದರ ಹತ್ತಿರ ಸಣ್ಣ ಆಯಸ್ಕಾಂತವೊಂದನ್ನು ಹಿಡಿದರು. ಅಂಟಲಿಲ್ಲ. "ಇದು ಕಲ್ಲಲ್ವೇನಮ್ಮಾ? ಬೆಳ್ಳಿ ಬಿಟ್ಟು, ಹತ್ತಿಬಟ್ಟೇಲಿ ಕಟ್ಕೊಂಡು ಬನ್ನಿ" ಎಂದರು.

ಅರ್ಧ ನಿಮಿಷದ ಮಾತು. ಒಂದೂವರೆ ತಿಂಗಳಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ಪ್ರಶ್ನೆ ಕೇಳಿದವನು ಅರ್ಧ ಸೋತಂತೆ ಎಂದು ಕಾಲೇಜಿನ ಚರ್ಚಾಕೂಟಗಳು ನನಗೆ ಕಲಿಸಿದ್ದವು.

ಚಿತ್ರ ನೋಡಿದ ವೈದ್ಯರು, ಗಡ್ಡೆ ಬೆಳೆದಿದೆ, ತಿಂಗಳು ಮುಂಚೆ ಬರಬೇಕಿತ್ತು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಅವನ್ದೇನಿಲ್ಲ ಬಿಡಿ ಡಾಕ್ಟ್ರೇ, ನಂದೇ ಹಟ."

ಬದುಕಿದ್ದ ಮುಂದಿನ ಐದು ತಿಂಗಳೂ ಅವಳು ಲಿಂಗವನ್ನು ಬಟ್ಟೆಯಲ್ಲೇ ಇಟ್ಟುಕೊಂಡಳು. "ಇದೇ ಹಗುರ ಕಣೋ" ಎನ್ನುತ್ತಿದ್ದಳು. ನಮ್ಮ ಮನೆತನದಲ್ಲಿ ನಡೆದ ಏಕೈಕ ಸುಧಾರಣೆ ಅದು. ಅದರ ಪರವಾಗಿ ನಾನು ಒಂದು ಮಾತನ್ನೂ ಆಡಿರಲಿಲ್ಲ.